ಪ್ರವಾಸದ ಚೀಲಕ್ಕೆ ಯಾವ ಲೆನ್ಸ್?

ರಜೆ ಹತ್ತಿರವಾದಂತೆ ಮನೆಮಂದಿಯೆಲ್ಲ ಪ್ರವಾಸಕ್ಕೆ ಹೊರಡುವ ಸಿದ್ಧತೆ ನಡೆಸುತ್ತಾರೆ. ಕೋಡುಬಳೆ, ಚಕ್ಕುಲಿ, ಅಜ್ಜಿಯ ಮಾತ್ರೆ, ಮಕ್ಕಳ ಟೋಪಿ ಎಲ್ಲಕ್ಕೂ ಚೀಲದಲ್ಲಿ ಹೇಗೋ ಜಾಗ ಸಿಗುತ್ತದೆ. ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ ಇಟ್ಟುಕೊಂಡವರಿಗೆ ಮಾತ್ರ ಒಂದು ಪ್ರಶ್ನೆ ಕೊನೆಯವರೆಗೂ ಉಳಿಯುತ್ತದೆ: ಯಾವ ಲೆನ್ಸ್ ಒಯ್ಯಬೇಕು? ಎಲ್ಲವನ್ನೂ ತುಂಬಿಕೊಂಡರೆ ಹೆಗಲು ನೋಯುತ್ತದೆ, ಮಗುವನ್ನು ಎತ್ತಿಕೊಳ್ಳಲು ಕೈ ಬಿಡುವಾಗುವುದಿಲ್ಲ. ಬಿಟ್ಟುಹೋದರೆ ಬೇಕಾದ ಹಕ್ಕಿ ಚಿತ್ರದಲ್ಲಿ ಬರಿಯ ಚುಕ್ಕೆಯಾಗುತ್ತದೆ.

ಈ ಪ್ರಶ್ನೆಗೆ ಅಂಗಡಿಯವರ ಬಳಿ ಒಂದು ಉತ್ತರವಿದೆ. ಅದು ಸಾಮಾನ್ಯವಾಗಿ ದುಬಾರಿಯಾದದ್ದು. ಹತ್ತನೆಯ ತರಗತಿಯ ಭೌತವಿಜ್ಞಾನದಲ್ಲಿಯೂ ಒಂದು ಉತ್ತರವಿದೆ. ಅದಕ್ಕೆ ಖರ್ಚಿಲ್ಲ, ಕಾಗದ, ಪೆನ್ಸಿಲು ಮತ್ತು ಅರ್ಧ ಗಂಟೆ ಸಾಕು.

ಒಂದು ನಿರ್ದಿಷ್ಟ ಪ್ರವಾಸವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹನ್ನೆರಡು ಮಂದಿಯ ಕುಟುಂಬವೊಂದು ಮೂರು ದಿನಗಳಲ್ಲಿ ರಂಗನತಿಟ್ಟು, ಶ್ರವಣಬೆಳಗೊಳ, ಬೇಲೂರು ಮತ್ತು ಹಳೇಬೀಡುಗಳನ್ನು ನೋಡಬೇಕೆಂದಿದೆ ಎನ್ನಿ. ಅವರ ಬಳಿ ಇರುವ ಕ್ಯಾಮೆರಾದ ಸಂವೇದಕದ ಅಳತೆ 23.5 × 15.6 ಮಿ.ಮೀ.; ಅದರಲ್ಲಿ 6000 × 4000 ಪಿಕ್ಸೆಲ್‌ಗಳಿವೆ. ಬೀರುವಿನಲ್ಲಿ ಮೂರು ಲೆನ್ಸ್‌ಗಳಿವೆ: 18–55 ಮಿ.ಮೀ. ಜೂಮ್, 35 ಮಿ.ಮೀ. ಎಫ್/1.8, ಮತ್ತು 55–200 ಮಿ.ಮೀ. ಜೂಮ್. ಇವಲ್ಲದೆ ಸ್ನೇಹಿತರೊಬ್ಬರು ತಮ್ಮ 70–200 ಮಿ.ಮೀ. ಎಫ್/2.8 ಲೆನ್ಸನ್ನು ಕೊಡಲು ಸಿದ್ಧರಿದ್ದಾರೆ. ನಾಲ್ಕರಲ್ಲಿ ಯಾವುವು ಚೀಲಕ್ಕೆ?

(ಒಂದು ಮಾತು: ಕ್ಯಾಮೆರಾದ ಲೆನ್ಸ್ ಎಂದರೆ ಒಂದೇ ಮಸೂರವಲ್ಲ, ಹಲವು ಪೀನ ಮತ್ತು ನಿಮ್ನ ಮಸೂರಗಳ ಜೋಡಣೆ. ಒಂಟಿ ಗಾಜಿಗೆ ‘ಮಸೂರ’ ಎಂದೂ ಇಡೀ ಜೋಡಣೆಗೆ ರೂಢಿಯ ‘ಲೆನ್ಸ್’ ಎಂದೂ ಇಲ್ಲಿ ಕರೆದಿದೆ.)

ಒಂದು ಸಮೀಕರಣ

ವಸ್ತುವು ಸಂಗಮದೂರಕ್ಕಿಂತ ಬಹಳ ಹೆಚ್ಚು ದೂರದಲ್ಲಿದ್ದರೆ ಅದರ ಬಿಂಬ ಹೆಚ್ಚುಕಡಿಮೆ ಸಂಗಮಬಿಂದುವಿನ ಬಳಿಯೇ ಮೂಡುತ್ತದೆ. ಆಗ ಸಮರೂಪ ತ್ರಿಭುಜಗಳಿಂದ ದೊರೆಯುವ ಸಂಬಂಧ ಇದು:

ಬಿಂಬದ ಎತ್ತರ = ಸಂಗಮದೂರ × ವಸ್ತುವಿನ ಎತ್ತರ ÷ ವಸ್ತುವಿನ ದೂರ

ಲೆನ್ಸಿನ ಮೇಲೆ ಬರೆದಿರುವ 18, 35, 200 ಎಂಬ ಸಂಖ್ಯೆಗಳು ಸಂಗಮದೂರಗಳೇ. ಸಂಗಮದೂರ ಎರಡು ಪಟ್ಟಾದರೆ ಬಿಂಬವೂ ಎರಡು ಪಟ್ಟು ದೊಡ್ಡದು. ಆದರೆ ಸಂವೇದಕದ ಅಳತೆ ಹೆಚ್ಚುವುದಿಲ್ಲವಾದ್ದರಿಂದ ಅದರಲ್ಲಿ ಹಿಡಿಸುವ ದೃಶ್ಯ ಕಿರಿದಾಗುತ್ತದೆ. ನಮ್ಮ ಸಂವೇದಕದ ಉದ್ದನೆಯ ಬದಿಯಲ್ಲಿ 18 ಮಿ.ಮೀ. ಲೆನ್ಸ್ ಸುಮಾರು 66 ಡಿಗ್ರಿ ಕೋನದ ದೃಶ್ಯವನ್ನು ತುಂಬುತ್ತದೆ, 35 ಮಿ.ಮೀ. ಸುಮಾರು 37 ಡಿಗ್ರಿ, 55 ಮಿ.ಮೀ. 24 ಡಿಗ್ರಿ, 200 ಮಿ.ಮೀ. ಏಳು ಡಿಗ್ರಿಗೂ ಕಡಿಮೆ. ತ್ರಿಕೋನಮಿತಿ ಬಲ್ಲ ವಿದ್ಯಾರ್ಥಿಗಳು ಇದನ್ನು ತಾವೇ ತಾಳೆ ನೋಡಬಹುದು: ಸಂವೇದಕದ ಅರ್ಧ ಅಗಲವನ್ನು ಸಂಗಮದೂರದಿಂದ ಭಾಗಿಸಿದರೆ ಅರ್ಧಕೋನದ ಟ್ಯಾಂಜೆಂಟ್ ಸಿಗುತ್ತದೆ.

ಈಗ ಒಂದೊಂದೇ ಸ್ಥಳಕ್ಕೆ ಹೋಗೋಣ.

ದೂರದ ಕೊಕ್ಕರೆ

ಕಾವೇರಿ ನದಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟು 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ, ಪಕ್ಷಿಧಾಮವಾಯಿತು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಇಲ್ಲಿ ದೋಣಿಯಲ್ಲಿ ಕುಳಿತೇ ಹಕ್ಕಿಗಳನ್ನು ನೋಡಬೇಕು. ಹತ್ತಿರ ಹೋಗೆಂದು ಅಂಬಿಗನನ್ನು ಒತ್ತಾಯಿಸುವುದು ತರವಲ್ಲ. ಗೂಡಿನಲ್ಲಿ ಮರಿಗಳಿರುವಾಗ ಬೆದರಿದ ತಾಯಿ ಹಾರಿಹೋದರೆ ಮರಿಗಳು ಬಿಸಿಲಿಗೂ ಕಾಗೆ, ಹದ್ದುಗಳಿಗೂ ಒಡ್ಡಿಕೊಳ್ಳುತ್ತವೆ. ಆದ್ದರಿಂದ ದೂರವನ್ನು ಬದಲಾಯಿಸದೆ ಬಿಂಬವನ್ನು ದೊಡ್ಡದಾಗಿಸುವ ದಾರಿ ಒಂದೇ: ಹೆಚ್ಚು ಸಂಗಮದೂರ.

ಬಣ್ಣದ ಕೊಕ್ಕರೆ ನಿಂತಾಗ ಸುಮಾರು 95 ಸೆಂ.ಮೀ. ಎತ್ತರ. ದೋಣಿಯಿಂದ 25 ಮೀಟರ್ ದೂರದಲ್ಲಿದೆ ಎನ್ನಿ. 18 ಮಿ.ಮೀ. ಲೆನ್ಸ್ ಕೊಡುವ ಬಿಂಬದ ಎತ್ತರ ಕೇವಲ 0.7 ಮಿ.ಮೀ.; 55 ಮಿ.ಮೀ. ಲೆನ್ಸ್‌ನಲ್ಲಿ 2.1 ಮಿ.ಮೀ.; 200 ಮಿ.ಮೀ. ಲೆನ್ಸ್‌ನಲ್ಲಿ 7.6 ಮಿ.ಮೀ. ನಮ್ಮ ಸಂವೇದಕದಲ್ಲಿ ಒಂದು ಪಿಕ್ಸೆಲ್‌ನ ಅಗಲ ಸುಮಾರು 3.9 ಮೈಕ್ರಾನ್. ಹಾಗಾಗಿ ಕೊನೆಯ ಬಿಂಬ ಸುಮಾರು 1900 ಪಿಕ್ಸೆಲ್‌ಗಳಷ್ಟು ಎತ್ತರ. ಅಂಗುಲಕ್ಕೆ 300 ಚುಕ್ಕೆಯಂತೆ ಮುದ್ರಿಸಿದರೂ ಕೊಕ್ಕರೆಯೊಂದೇ ಆರು ಅಂಗುಲ ಮೀರುತ್ತದೆ. 55 ಮಿ.ಮೀ.ನಲ್ಲಿ ಸಿಗುವುದು 535 ಪಿಕ್ಸೆಲ್. ಎರಡು ಅಂಗುಲವೂ ತುಂಬದು. 55–200 ಜೂಮ್ ಪ್ರವಾಸಕ್ಕೆ ಬೇಕೇ ಬೇಕು ಎಂದಾಯಿತು.

ಹಾಗಾದರೆ ಸ್ನೇಹಿತರ ಎಫ್/2.8 ಲೆನ್ಸ್ ಇನ್ನೂ ಉತ್ತಮವಲ್ಲವೆ? ಅದರ ಸಂಗಮದೂರವೂ 200 ಮಿ.ಮೀ.ಗೇ ಮುಗಿಯುತ್ತದೆ, ಕೊಕ್ಕರೆ ಒಂದಿಷ್ಟೂ ದೊಡ್ಡದಾಗಿ ಕಾಣುವುದಿಲ್ಲ. ಅದು ಕೊಡುವುದು ಹೆಚ್ಚು ಬೆಳಕನ್ನು. ಆ ಬೆಳಕು ಇಲ್ಲಿ ಬೇಕೇ? ದೋಣಿ ಸೆಕೆಂಡಿಗೆ ಒಂದು ಮೀಟರಿನಂತೆ ಸರಿಯುತ್ತಿದ್ದರೆ 25 ಮೀಟರ್ ದೂರದ ಹಕ್ಕಿಯ ಬಿಂಬ ಸಂವೇದಕದ ಮೇಲೆ ಸೆಕೆಂಡಿಗೆ 8 ಮಿ.ಮೀ. ಜಾರುತ್ತದೆ. 1/60 ಸೆಕೆಂಡ್ ಷಟರ್ ತೆರೆದರೆ 34 ಪಿಕ್ಸೆಲ್‌ಗಳಷ್ಟು ಕಲಸಿಹೋಗುತ್ತದೆ. 1/1000 ಸೆಕೆಂಡಿನಲ್ಲಿ ಎರಡೇ ಪಿಕ್ಸೆಲ್. ಲೆನ್ಸಿನೊಳಗಿನ ಕಂಪನ ನಿವಾರಕ ಕೈಯ ನಡುಕವನ್ನು ತಗ್ಗಿಸುತ್ತದೆಯೇ ಹೊರತು ದೋಣಿಯ ಸರಿತವನ್ನಾಗಲಿ ಹಕ್ಕಿಯ ರೆಕ್ಕೆಬಡಿತವನ್ನಾಗಲಿ ತಡೆಯಲಾರದು. ಆದ್ದರಿಂದ 1/1000ದ ಆಸುಪಾಸಿನ ವೇಗ ಬೇಕು. ಛಾಯಾಗ್ರಾಹಕರ ಹಳೆಯ ನಿಯಮದಂತೆ ಒಳ್ಳೆಯ ಬಿಸಿಲಿನಲ್ಲಿ ಎಫ್/16, ಐಎಸ್‌ಒ 100ಕ್ಕೆ ಸುಮಾರು 1/100 ಸೆಕೆಂಡ್ ಸರಿಹೋಗುತ್ತದೆ. ಎಫ್/5.6ಕ್ಕೆ ಬಂದರೆ ಬೆಳಕು ಎಂಟು ಪಟ್ಟು, ಅಂದರೆ 1/800 ಸೆಕೆಂಡ್. ಐಎಸ್‌ಒ ತುಸು ಏರಿಸಿದರೆ 1/1000 ಸಿಕ್ಕಿಬಿಡುತ್ತದೆ. ಬಿಸಿಲಿರುವಾಗ ಸಾಮಾನ್ಯ ಜೂಮ್ ಸಾಕು. ಮೋಡ ಕವಿದರೆ ಐಎಸ್‌ಒ ಮತ್ತಷ್ಟು ಏರಿಸಬೇಕು, ಅಷ್ಟೆ.

ಬೇಲೂರಿನ ಮದನಿಕೆಯರಿಗೂ ಇದೇ ಲೆನ್ಸ್. ಒಂದು ಮೀಟರ್ ಎತ್ತರದ ಶಿಲ್ಪವನ್ನು ಎಂಟು ಮೀಟರ್ ದೂರದಿಂದ ನೋಡುತ್ತಿದ್ದೀರಿ ಎಂದುಕೊಂಡರೆ, ಕ್ಯಾಮೆರಾವನ್ನು ಲಂಬವಾಗಿ ಹಿಡಿದು 20 ಮಿ.ಮೀ. ಎತ್ತರದ ಬಿಂಬ ಪಡೆಯಲು 160 ಮಿ.ಮೀ. ಸಂಗಮದೂರ ಬೇಕು. ಕೆಳಗೆ ನಿಂತವರ ಕಣ್ಣಿಗೆ ತಪ್ಪಿಹೋಗುವ ಬಳೆ, ಉಂಗುರ, ಬಳ್ಳಿಯ ಎಲೆಗಳೆಲ್ಲ ಆಗ ಚಿತ್ರದಲ್ಲಿ ಎದ್ದುಬರುತ್ತವೆ.

ಗೊಮ್ಮಟನ ಮುಂದೆ

ಶ್ರವಣಬೆಳಗೊಳದಲ್ಲಿ ಸಮಸ್ಯೆ ತಿರುವುಮುರುವು. ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಿ ಬಂದವರ ಎದುರಿಗೆ ಸುಮಾರು 17.5 ಮೀಟರ್ (58 ಅಡಿ) ಎತ್ತರದ ಮೂರ್ತಿ. ಸುತ್ತಲೂ ಮಂಟಪಗಳಿರುವ ಅಂಗಳದಲ್ಲಿ ಹಿಂದೆ ಸರಿಯಲು ಜಾಗ ಸೀಮಿತ.

ಮೂರ್ತಿಯ ಪಾದದಿಂದ 10 ಮೀಟರ್ ದೂರದಲ್ಲಿ ನಿಂತಿದ್ದೀರಿ, ಕಣ್ಣು ನೆಲದಿಂದ 1.5 ಮೀಟರ್ ಮೇಲಿದೆ ಎನ್ನಿ. ಶಿರ 58 ಡಿಗ್ರಿ ಮೇಲಕ್ಕೆ, ಪಾದ ಎಂಟೂವರೆ ಡಿಗ್ರಿ ಕೆಳಕ್ಕೆ. ಒಟ್ಟು ಸುಮಾರು 66 ಡಿಗ್ರಿ. 18 ಮಿ.ಮೀ. ಲೆನ್ಸನ್ನು ಲಂಬವಾಗಿ ಹಿಡಿದು ಮೇಲಕ್ಕೆ ಬಾಗಿಸಿದರೆ ಮೂರ್ತಿ ಅಂಚಿನಿಂದ ಅಂಚಿಗೆ ಹಿಡಿಸುತ್ತದೆ. ಆದರೆ ಚಿತ್ರ ನೋಡಿದರೆ ಪಾದಗಳು ದೊಡ್ಡವು, ಶಿರ ಚಿಕ್ಕದು! ಲೆಕ್ಕ ಹಾಕಿದರೆ, ಒಂದೇ ಅಗಲದ ವಸ್ತು ಪಾದದ ಬಳಿ ಶಿರದ ಬಳಿಗಿಂತ ಸುಮಾರು 1.9 ಪಟ್ಟು ಅಗಲವಾಗಿ ಮೂಡುತ್ತದೆ. 20 ಮೀಟರ್ ಹಿಂದಕ್ಕೆ ಸರಿಯಲು ಸಾಧ್ಯವಾದರೆ ಈ ವ್ಯತ್ಯಾಸ 1.3 ಪಟ್ಟಿಗೆ ಇಳಿಯುತ್ತದೆ. ಬೇಕಾಗುವ ಸಂಗಮದೂರವೂ 30 ಮಿ.ಮೀ.ಗೆ ಏರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ‘ಅಗಲಕೋನದ ಲೆನ್ಸ್ ಆಕಾರ ಕೆಡಿಸುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವ ಪ್ರಮಾಣವನ್ನು ನಿರ್ಧರಿಸುವುದು ಲೆನ್ಸ್ ಅಲ್ಲ, ನೀವು ನಿಂತ ಜಾಗ. ಮೊಬೈಲಿನಲ್ಲಿ ಅರ್ಧ ಮೀಟರ್ ದೂರದಿಂದ ತೆಗೆದುಕೊಂಡ ಸೆಲ್ಫಿಯಲ್ಲಿ ಮೂಗು ದಪ್ಪವಾಗಿ ಕಾಣುವುದೂ ಇದರಿಂದಲೇ. ಮೂಗಿಗಿಂತ ಕಿವಿ 12 ಸೆಂ.ಮೀ. ಹಿಂದಿದ್ದರೆ 50 ಸೆಂ.ಮೀ. ದೂರದಲ್ಲಿ ಎರಡರ ವರ್ಧನೆಯ ವ್ಯತ್ಯಾಸ 24 ಪ್ರತಿಶತ. ಎರಡು ಮೀಟರ್ ದೂರದಿಂದ ಕೇವಲ 6. ಅಗಲಕೋನದ ಲೆನ್ಸಿನ ಅಪರಾಧವೇನೆಂದರೆ, ಅದು ನಮ್ಮನ್ನು ಹತ್ತಿರ ಹೋಗಲು ಬಿಡುತ್ತದೆ.

ನವರಂಗದ ಮಬ್ಬು ಬೆಳಕು

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದವು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣದು. ಮೆಲ್ಲನೆ ಕಡೆದ ಕಂಬಗಳೂ ಮೇಲ್ಛಾವಣಿಯ ಭುವನೇಶ್ವರಿಯೂ ಕಣ್ಣಿಗೆ ಬೀಳುತ್ತವೆ. ಸಂರಕ್ಷಿತ ಸ್ಮಾರಕಗಳಲ್ಲಿ ಮೂರುಕಾಲಿನ ಸ್ಟ್ಯಾಂಡ್ ಬಳಸಲು ಅನುಮತಿ ಬೇಕು. ಛಾಯಾಚಿತ್ರ ಎಲ್ಲಿ ನಿಷಿದ್ಧವೋ ಅಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ. ಅನುಮತಿ ಇರುವಲ್ಲಿಯೂ ಕೈಯಲ್ಲಿ ಹಿಡಿದೇ ತೆಗೆಯಬೇಕು. ಇಲ್ಲಿ ಮುಖ್ಯವಾಗುವುದು ಲೆನ್ಸಿನ ಮೇಲಿನ ಎರಡನೆಯ ಸಂಖ್ಯೆ.

ಎಫ್-ಸಂಖ್ಯೆ ಎಂದರೆ ಸಂಗಮದೂರವನ್ನು ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. ಲೆನ್ಸಿನ ಮುಂದಿನಿಂದ ನೋಡಿದಾಗ ಕಾಣುವ ಕಿಂಡಿಯ ವ್ಯಾಸ ಇದು. ಛಾಯಾಗ್ರಾಹಕರು ಈ ಕಿಂಡಿಯನ್ನು ಅಪರ್ಚರ್ ಎನ್ನುತ್ತಾರೆ. 35 ಮಿ.ಮೀ. ಎಫ್/1.8 ಲೆನ್ಸಿನಲ್ಲಿ ಅದು 19 ಮಿ.ಮೀ. 18–55 ಜೂಮ್ ಅನ್ನು 35 ಮಿ.ಮೀ.ಗೆ ಇಟ್ಟಾಗ ಅದರ ಕಿಂಡಿ ತೆರೆಯುವುದು ಸಾಮಾನ್ಯವಾಗಿ ಎಫ್/4.5ರವರೆಗೆ, ಅಂದರೆ ಸುಮಾರು 8 ಮಿ.ಮೀ. ಒಳಬರುವ ಬೆಳಕು ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಮೊದಲನೆಯದು ಆರು ಪಟ್ಟು ಹೆಚ್ಚು ಬೆಳಕು ಹೀರುತ್ತದೆ. ಜೂಮ್‌ಗೆ 1/8 ಸೆಕೆಂಡ್ ಬೇಕಾದಲ್ಲಿ ಇದಕ್ಕೆ 1/50 ಸಾಕು. ಮೊದಲನೆಯದು ಕೈನಡುಗಿ ಮಸುಕಾದ ಚಿತ್ರ. ಎರಡನೆಯದು ಆಲ್ಬಮ್ಮಿಗೆ ಹೋಗುವ ಚಿತ್ರ.

ಐಎಸ್‌ಒ ಏರಿಸಿ ಇದೇ ಕೆಲಸ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಐಎಸ್‌ಒ ಬೆಳಕನ್ನು ಹೆಚ್ಚಿಸುವುದಿಲ್ಲ, ಬಂದ ಸಂಕೇತವನ್ನು ದೊಡ್ಡದು ಮಾಡುತ್ತದೆ. ಫೋಟಾನುಗಳು ಯಾದೃಚ್ಛಿಕವಾಗಿ ಬಂದು ಬೀಳುವುದರಿಂದ, ಒಂದು ಪಿಕ್ಸೆಲ್‌ಗೆ ಸರಾಸರಿ 100 ಫೋಟಾನು ಬಂದರೆ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ 10. 600 ಬಂದರೆ ಸುಮಾರು 24. ಮೊದಲನೆಯದರಲ್ಲಿ ಏರಿಳಿತ ಹತ್ತು ಪ್ರತಿಶತ, ಎರಡನೆಯದರಲ್ಲಿ ನಾಲ್ಕು. ಕತ್ತಲಿನ ಚಿತ್ರದಲ್ಲಿ ಕಾಣುವ ಮರಳು ಮರಳಾದ ಕಲೆ ಇದೇ. ಅದನ್ನು ಮೂಲದಲ್ಲೇ ತಗ್ಗಿಸುವುದು ದೊಡ್ಡ ಕಿಂಡಿ.

ದೊಡ್ಡ ಕಿಂಡಿಯ ಬೆಲೆ ಮನುಷ್ಯರಿಗೆ ಛಾಯಾಗ್ರಹಣದ ಶೈಶವದಲ್ಲೇ ತಿಳಿಯಿತು. 1839ರಲ್ಲಿ ಡಗೇರ್ ವಿಧಾನ ಪ್ರಕಟವಾದಾಗ ಬಳಸುತ್ತಿದ್ದ ಲೆನ್ಸ್ ಸುಮಾರು ಎಫ್/15ರದ್ದು. ಕುಳಿತವರು ನಿಮಿಷಗಟ್ಟಲೆ ಅಲುಗದಿರಬೇಕಿತ್ತು. ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ 1840ರಲ್ಲಿ, ಸೇನೆಯ ಫಿರಂಗಿ ದಳದ ಲೆಕ್ಕಿಗರ ನೆರವಿನಿಂದ, ಮೊದಲು ಲೆಕ್ಕ ಹಾಕಿ ಅನಂತರ ಗಾಜು ಉಜ್ಜಿಸಿ ಸುಮಾರು ಎಫ್/3.6ರ ಲೆನ್ಸ್ ರೂಪಿಸಿದ. ಬೆಳಕು ಹದಿನಾರು ಪಟ್ಟಿಗೂ ಮಿಕ್ಕಿ ಹೆಚ್ಚಿತು. ಮನುಷ್ಯರ ಮುಖಚಿತ್ರ ತೆಗೆಯುವುದು ಸುಲಭವಾಯಿತು.

ಹನ್ನೆರಡು ಮಂದಿ, ಒಂದು ಚಿತ್ರ

ಪ್ರವಾಸದಿಂದ ಬಂದ ಮೇಲೆ ಎಲ್ಲರೂ ಮೊದಲು ಕೇಳುವುದು ಕೊಕ್ಕರೆಯನ್ನಲ್ಲ, ‘ಎಲ್ಲರೂ ಇರುವ ಫೋಟೊ ಎಲ್ಲಿ?’ ಎಂದು. ಹಳೇಬೀಡಿನ ಹುಲ್ಲುಹಾಸಿನ ಮೇಲೆ ಐದು ಮೀಟರ್ ಅಗಲದ ಸಾಲು ನಿಲ್ಲಿಸೋಣ. 18 ಮಿ.ಮೀ. ಲೆನ್ಸಿನಲ್ಲಿ 3.8 ಮೀಟರ್ ದೂರದಿಂದಲೇ ಎಲ್ಲರೂ ಹಿಡಿಸುತ್ತಾರೆ. ಆದರೆ ಗೋಳಾಕಾರದ ವಸ್ತುವೊಂದರ ಬಿಂಬ ಚಪ್ಪಟೆ ಸಂವೇದಕದ ಅಂಚಿನಲ್ಲಿ ದೀರ್ಘವೃತ್ತವಾಗುತ್ತದೆ. ಅದರ ಉದ್ದಕ್ಕೂ ಅಗಲಕ್ಕೂ ಇರುವ ಅನುಪಾತ, ಅಕ್ಷದಿಂದ ಇರುವ ಕೋನದ ಕೊಸೈನಿನ ವಿಲೋಮ. 33 ಡಿಗ್ರಿಯಲ್ಲಿ ಇದು 1.19. ಸಾಲಿನ ತುದಿಯಲ್ಲಿ ನಿಂತ ಅತ್ತೆಯವರ ಮುಖ ಸುಮಾರು 19 ಪ್ರತಿಶತ ಅಡ್ಡಕ್ಕೆ ಹಿಗ್ಗುತ್ತದೆ! ಲೆನ್ಸ್ ಎಷ್ಟೇ ನಿರ್ದೋಷವಾಗಿದ್ದರೂ ಇದು ತಪ್ಪದು; ಇದು ಜ್ಯಾಮಿತಿ.

35 ಮಿ.ಮೀ. ಲೆನ್ಸ್ ಹಾಕಿ ಏಳೂವರೆ ಮೀಟರ್ ಹಿಂದೆ ಹೋಗಿ. ಅಂಚಿನ ಹಿಗ್ಗುವಿಕೆ 5 ಪ್ರತಿಶತಕ್ಕೆ ಇಳಿಯುತ್ತದೆ. ಹಿಂದಿನ ಸಾಲು ಒಂದು ಮೀಟರ್ ಹಿಂದಿದ್ದರೆ, ಮುಂದಿನವರ ತಲೆ ಮೊದಲ ಚಿತ್ರದಲ್ಲಿ 26 ಪ್ರತಿಶತ ದೊಡ್ಡದಾಗಿ ಕಂಡರೆ ಎರಡನೆಯದರಲ್ಲಿ 13. ಜಾಗವೇ ಇಲ್ಲದಿದ್ದರೆ ಒಂದು ಉಪಾಯ: ತೆಳ್ಳಗಿನ ಹುಡುಗರನ್ನು ತುದಿಗೆ ನಿಲ್ಲಿಸಿ, ಹಿರಿಯರನ್ನು ನಡುವೆ ಕೂರಿಸಿ. ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ; ಹಿರಿಯರಿಗೆ ಸಲ್ಲಬೇಕಾದ ಜಾಗವೂ ಅದೇ.

ತೂಕ ಎಲ್ಲಿಂದ ಬರುತ್ತದೆ?

200 ಮಿ.ಮೀ. ಸಂಗಮದೂರದಲ್ಲಿ ಎಫ್/5.6ಕ್ಕೆ 36 ಮಿ.ಮೀ. ವ್ಯಾಸದ ಕಿಂಡಿ ಸಾಕು, ಎಫ್/2.8ಕ್ಕೆ 71 ಮಿ.ಮೀ. ಬೇಕು. ಮುಂದಿನ ಗಾಜು ಇದಕ್ಕಿಂತ ಚಿಕ್ಕದಾಗಿರಲು ಸಾಧ್ಯವಿಲ್ಲ. ವ್ಯಾಸ ಎರಡು ಪಟ್ಟಾದಾಗ ಎಲ್ಲ ಅಳತೆಗಳೂ ಅದೇ ಪ್ರಮಾಣದಲ್ಲಿ ಬೆಳೆದರೆ ಗಾಜಿನ ಗಾತ್ರ ಎಂಟು ಪಟ್ಟಾಗಬೇಕು. ಉದ್ದ ಅಷ್ಟು ಬೆಳೆಯದ ಕಾರಣ ವಾಸ್ತವದಲ್ಲಿ ಹೆಚ್ಚಳ ನಾಲ್ಕೈದು ಪಟ್ಟು: 55–200 ಜೂಮ್ ಸುಮಾರು 300 ಗ್ರಾಂ, 70–200 ಎಫ್/2.8ರ ಹಲವು ಮಾದರಿಗಳು ಒಂದೂವರೆ ಕಿಲೋಗ್ರಾಂ. ನೀವು ಹೊರುವುದು ಸಂಗಮದೂರವನ್ನಲ್ಲ, ಕಿಂಡಿಯ ವ್ಯಾಸವನ್ನು. ಕ್ರೀಡಾಂಗಣದ ಸಂಜೆಯ ಪಂದ್ಯಕ್ಕೋ ಕಾಡಿನ ಮುಂಜಾವಿಗೋ ಈ ವ್ಯಾಸ ಅನಿವಾರ್ಯ. ಬಿಸಿಲಿನ ರಂಗನತಿಟ್ಟಿಗೆ ಅಲ್ಲ ಎಂಬುದನ್ನು ಆಗಲೇ ಕಂಡೆವು.

ಜೇಬಿನಲ್ಲಿರುವ ಲೆನ್ಸ್

ಈಗ ಉಳಿದದ್ದು 18–55. ಅದರ ಅಗಲಕೋನ ಗೊಮ್ಮಟನಿಗೆ ಬೇಕು. ಆದರೆ ಈಗಿನ ಬಹುತೇಕ ಮೊಬೈಲ್ ಫೋನುಗಳ ಮುಖ್ಯ ಕ್ಯಾಮೆರಾ 70 ಡಿಗ್ರಿಯ ಆಸುಪಾಸಿನ ದೃಶ್ಯವನ್ನು ಹಿಡಿಯುತ್ತದೆ. ಅದರ ಸಂಗಮದೂರ ಸುಮಾರು 6 ಮಿ.ಮೀ., ಎಫ್/1.8 ಎಂದುಕೊಂಡರೆ ಕಿಂಡಿಯ ವ್ಯಾಸ 3.3 ಮಿ.ಮೀ. 18–55 ಜೂಮ್‌ನ ಕಿಂಡಿ 18 ಮಿ.ಮೀ., ಎಫ್/3.5ರಲ್ಲಿ 5.1 ಮಿ.ಮೀ. ಒಂದೇ ಕೋನದ ದೃಶ್ಯದಿಂದ ಒಟ್ಟು ಸಂಗ್ರಹಿಸುವ ಬೆಳಕಿನಲ್ಲಿ ಜೂಮ್ ಎರಡೂವರೆ ಪಟ್ಟು ಮುಂದಿದೆ, ಅಷ್ಟೇ. ಫೋನು ಹಲವು ಚಿತ್ರಗಳನ್ನು ಕ್ಷಣದಲ್ಲಿ ತೆಗೆದು ಒಗ್ಗೂಡಿಸಿ ಈ ಅಂತರವನ್ನೂ ತುಂಬುತ್ತದೆ. ಬಿಸಿಲಿನ ಬೆಟ್ಟದ ಮೇಲೆ ವ್ಯತ್ಯಾಸ ಗುರುತಿಸುವುದು ಕಷ್ಟ. 200 ಮಿ.ಮೀ.ನ 36 ಮಿ.ಮೀ. ಕಿಂಡಿಯ ಮುಂದಾಗಲಿ 35 ಮಿ.ಮೀ. ಲೆನ್ಸಿನ 19 ಮಿ.ಮೀ. ಕಿಂಡಿಯ ಮುಂದಾಗಲಿ ಫೋನಿನ ಪುಟ್ಟ ಕಿಂಡಿ ಹೀಗೆ ನಿಲ್ಲಲಾರದು.

ಆದ್ದರಿಂದ ತೀರ್ಮಾನ: ಚೀಲದಲ್ಲಿ 35 ಮಿ.ಮೀ. ಎಫ್/1.8 ಮತ್ತು 55–200, ಜೇಬಿನಲ್ಲಿ ಫೋನು. ಎರಡು ಲೆನ್ಸ್ ಸೇರಿ ಸುಮಾರು ಅರ್ಧ ಕಿಲೋಗ್ರಾಂ. ನಾಲ್ಕನ್ನೂ ಹೊತ್ತರೆ ಎರಡು ಕಿಲೋಗ್ರಾಂ ಮೀರುತ್ತಿತ್ತು. ಫೋನು ಹಳೆಯದಾಗಿದ್ದರೆ 18–55ಕ್ಕೂ ಜಾಗ ಮಾಡಿಕೊಳ್ಳಿ. ಇನ್ನೂರು ಗ್ರಾಂ ಹೆಚ್ಚು. ದೋಣಿ ಹತ್ತುವ ಮುನ್ನವೇ 55–200 ಹಾಕಿಕೊಳ್ಳಿ. ನೀರಿನ ಮೇಲೆ ಲೆನ್ಸ್ ಬದಲಾಯಿಸಬೇಡಿ.

ಹೊರಡುವ ಮುನ್ನ ಒಂದು ಪ್ರಯೋಗ

ನಿಮ್ಮ ಪ್ರವಾಸ ಬೇರೆಯದಿರಬಹುದು. ಆಗ ಈ ಉತ್ತರ ನಡೆಯದು, ವಿಧಾನ ನಡೆಯುತ್ತದೆ. ಶಾಲೆಯಲ್ಲಿ ಇದನ್ನು ಚಟುವಟಿಕೆಯಾಗಿಯೂ ಮಾಡಿಸಬಹುದು, ಕ್ಯಾಮೆರಾ ಬೇಕಿಲ್ಲ.

ಒಂದು ರಟ್ಟಿನಲ್ಲಿ 23.5 × 15.6 ಸೆಂ.ಮೀ. ಅಳತೆಯ ಕಿಟಕಿ ಕತ್ತರಿಸಿ. ಸಂವೇದಕವನ್ನು ಹತ್ತು ಪಟ್ಟು ಹಿಗ್ಗಿಸಿದಂತಾಯಿತು. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ 18 ಸೆಂ.ಮೀ. ದೂರದಲ್ಲಿ ರಟ್ಟನ್ನು ಹಿಡಿದು ನೋಡಿದರೆ 18 ಮಿ.ಮೀ. ಲೆನ್ಸಿನ ದೃಶ್ಯ, 35 ಸೆಂ.ಮೀ.ನಲ್ಲಿ 35 ಮಿ.ಮೀ. ಲೆನ್ಸಿನದು, 55 ಸೆಂ.ಮೀ.ನಲ್ಲಿ 55 ಮಿ.ಮೀ.ನದು. ಮಿಲಿಮೀಟರ್ ಸೆಂಟಿಮೀಟರಾಗುತ್ತದೆ, ಅಷ್ಟೆ. 200 ಮಿ.ಮೀ.ಗೆ 4.7 × 3.1 ಸೆಂ.ಮೀ. ಕಿಟಕಿಯನ್ನು 40 ಸೆಂ.ಮೀ. ದೂರದಲ್ಲಿ ಹಿಡಿಯಿರಿ. ಶಾಲೆಯ ಧ್ವಜಸ್ತಂಭ, ಮೈದಾನದ ಆಚೆಯ ಮರ, ಸಾಲಾಗಿ ನಿಂತ ಗೆಳೆಯರು ಯಾವ ಕಿಟಕಿಯಲ್ಲಿ ಎಷ್ಟು ತುಂಬುತ್ತಾರೆಂದು ವಿದ್ಯಾರ್ಥಿಗಳು ಅಳೆಯಲಿ, ಸಮೀಕರಣದ ಉತ್ತರದೊಂದಿಗೆ ಹೋಲಿಸಲಿ.

ಅನಂತರ ಪ್ರವಾಸದ ಪಟ್ಟಿ ಬರೆಯಿರಿ. ಪ್ರತಿಯೊಂದು ದೃಶ್ಯಕ್ಕೂ ನಾಲ್ಕು ಕಾಲಂ: ವಸ್ತುವಿನ ಅಳತೆ, ದೂರ, ಬೆಳಕು, ಚಲನೆ. ಮೊದಲೆರಡು ಸಂಗಮದೂರವನ್ನು ಹೇಳುತ್ತವೆ, ಕೊನೆಯೆರಡು ಕಿಂಡಿಯನ್ನು. ಪಟ್ಟಿಯಲ್ಲಿ ಒಮ್ಮೆಯೂ ಬಾರದ ಲೆನ್ಸನ್ನು ಧೈರ್ಯವಾಗಿ ಬೀರುವಿನಲ್ಲೇ ಬಿಡಿ. ಮೆಟ್ಟಿಲು ಹತ್ತುವಾಗ ಅಜ್ಜಿಗೆ ಆಸರೆ ಕೊಡಲು ಆಗ ಒಂದು ಕೈ ಬಿಡುವಾಗಿರುತ್ತದೆ.